ಶುಶ್ರೂಷಾ ವೃತ್ತಿ

ರೋಗಿಗಳು, ಗಾಯಾಳುಗಳು, ಗರ್ಭಿಣಿಯರು, ಬಾಣಂತಿಯರು, ಶಿಶುಗಳು ಹಾಗೂ ತಮ್ಮ ಆರೈಕೆಯನ್ನು ತಾವೇ ಮಾಡಿಕೊಳ್ಳಲಾಗದವರ ದೇಹಸ್ಥಿತಿಯನ್ನು ಸತತವಾಗಿ ಗಮನಿಸಿ, ಅವರಿಗೆ ಬೇಕಾದ ಆರೈಕೆ ಮತ್ತು ಚಿಕಿತ್ಸೆಯನ್ನು ಕ್ರಮವಾಗಿ ಒದಗಿಸಿ, ಅದನ್ನು ದಾಖಲಿಸುವ, ಕಾನೂನಿನ ಪ್ರಕಾರ ನೋಂದಣಿ ಕಡ್ಡಾಯವಾಗಿರುವ ಆರೋಗ್ಯ ವೃತ್ತಿ. ಬಳಕೆಯ ಮಾತಿನಲ್ಲಿ ನರ್ಸಿಂಗ್. ಆರೋಗ್ಯ ಕ್ಷೇತ್ರದ ವೃತ್ತಿಗಳಲ್ಲಿ ಸಂಖ್ಯೆಯಲ್ಲಿ ಅತಿ ದೊಡ್ಡದು ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದರು. ಈ ಲೇಖನ ವೃತ್ತಿಯ ಹುಟ್ಟು, ಕೆಲಸದ ಸ್ವರೂಪ, ಕೋರ್ಸುಗಳು, ಅವಕ್ಕೆ ಬೇಕಾದ ಸಿದ್ಧತೆ ಮತ್ತು ಇಂದಿನ ಸ್ಥಿತಿಯನ್ನು ಮುಖ್ಯವಾಗಿ ಕರ್ನಾಟಕವನ್ನು ಕಣ್ಣೆದುರಿಟ್ಟುಕೊಂಡು ವಿವರಿಸುತ್ತದೆ.

ಪದ ಮತ್ತು ಪರಿಭಾಷೆ

ಶುಶ್ರೂಷೆ ಎಂಬ ಪದ ಸಂಸ್ಕೃತದ ‘ಶ್ರು’ ಧಾತುವಿನಿಂದ ಬಂದದ್ದು. ಧಾತುವಿಗೆ ಕೇಳು ಎಂಬ ಅರ್ಥ. ಅದರ ಇಚ್ಛಾರೂಪವಾದ ಶುಶ್ರೂಷೆಗೆ ‘ಕೇಳುವ ಬಯಕೆ’ ಎಂಬುದು ಮೂಲಾರ್ಥ. ಹಿರಿಯರ ಮಾತಿಗೆ ಕಿವಿಗೊಡುವುದು, ಅವರ ಸೇವೆ ಮಾಡುವುದು, ಕೊನೆಗೆ ರೋಗಿಯ ಆರೈಕೆ ಎಂದು ಅರ್ಥ ಬೆಳೆಯುತ್ತ ಬಂದಿದೆ. ವೃತ್ತಿಯ ತಿರುಳನ್ನು ಹೇಳಲು ಇದಕ್ಕಿಂತ ಹೊಂದುವ ಪದ ಸಿಗುವುದು ಕಷ್ಟ, ಏಕೆಂದರೆ ಇಲ್ಲಿನ ಮೊದಲ ಕೆಲಸವೇ ರೋಗಿ ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಕೇಳಿಸಿಕೊಳ್ಳುವುದು.

ಹಳೆಯ ಬರಹಗಳಲ್ಲಿ ದಾದಿ ಎಂಬ ಪದ ಹೆಚ್ಚು. ಹಳ್ಳಿಗಳಲ್ಲಿ ನರ್ಸಮ್ಮ, ಆಸ್ಪತ್ರೆಯ ವಾರ್ಡುಗಳಲ್ಲಿ ಸಿಸ್ಟರ್ ಎನ್ನುತ್ತಾರೆ, ಗಂಡಸರಾದರೆ ಬ್ರದರ್. ಸಿಸ್ಟರ್ ಎಂಬ ಕರೆ ಆರೈಕೆಯ ಕೆಲಸವನ್ನು ಬಹುಕಾಲ ನಡೆಸಿಕೊಂಡು ಬಂದ ಕ್ರೈಸ್ತ ಸನ್ಯಾಸಿನಿಯರಿಂದ ಉಳಿದುಬಂದದ್ದು. ಸರ್ಕಾರಿ ಹುದ್ದೆಯ ಹೆಸರು ಹಿಂದೆ ಸ್ಟಾಫ್ ನರ್ಸ್ ಎಂದಿತ್ತು, ಈಗ ಶುಶ್ರೂಷಾಧಿಕಾರಿ. ಸೂಲಗಿತ್ತಿ ಎಂದರೆ ಪರಂಪರೆಯಿಂದ ಹೆರಿಗೆ ಮಾಡಿಸುವುದನ್ನು ಕಲಿತವಳು. ಪ್ರಸೂತಿ ಶುಶ್ರೂಷಕಿ ಅಥವಾ ಮಿಡ್‌ವೈಫ್ ಎಂದರೆ ತರಬೇತಿ ಪಡೆದು ನೋಂದಾಯಿಸಿಕೊಂಡವಳು. ಈ ಎರಡನ್ನು ಒಂದೇ ಎಂದು ಬಳಸಬಾರದು. ಆಸ್ಪತ್ರೆಗಳಲ್ಲಿ ಆಯಾ ಎಂದು ಕರೆಸಿಕೊಳ್ಳುವವರು ಸಹಾಯಕ ಸಿಬ್ಬಂದಿ. ಅವರಿಗೆ ಔಷಧ ಕೊಡುವ ಅಧಿಕಾರವಿಲ್ಲ.

ಉಗಮ

ಚರಕಸಂಹಿತೆಯ ಸೂತ್ರಸ್ಥಾನ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಪರಿಚಾರಕ ಮತ್ತು ರೋಗಿ. ಪರಿಚಾರಕನಿಗೆ ಬೇಕಾದ ಗುಣಗಳೆಂದು ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯ ಮೇಲಿನ ಅಕ್ಕರೆ ಮತ್ತು ಶುಚಿತ್ವವನ್ನು ಅದು ಎಣಿಸುತ್ತದೆ. ಇಂದಿನ ಪಠ್ಯಕ್ರಮಗಳು ಬಯಸುವುದೂ ಹೆಚ್ಚುಕಡಿಮೆ ಇವನ್ನೇ.

ಆಧುನಿಕ ವೃತ್ತಿಯ ಆರಂಭವನ್ನು ಫ್ಲಾರೆನ್ಸ್ ನೈಟಿಂಗೇಲ್ ಅವರಿಂದ ಗುರುತಿಸುವುದು ವಾಡಿಕೆ. 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ ಅವರು ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರ್‌ನಲ್ಲಿ, 38 ಮಹಿಳೆಯರ ತಂಡದೊಡನೆ ಇಂದಿನ ಇಸ್ತಾಂಬುಲ್‌ಗೆ ಸೇರಿದ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದರು. ಅಲ್ಲಿ ಗಾಯಕ್ಕಿಂತ ಹೆಚ್ಚಾಗಿ ಸಾಂಕ್ರಾಮಿಕ ರೋಗಗಳಿಂದಲೇ ಸೈನಿಕರು ಸಾಯುತ್ತಿದ್ದರು. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಕಟ್ಟಡದ ಅಡಿಯ ಚರಂಡಿಗಳನ್ನು ಶುಚಿಗೊಳಿಸಿ ಗಾಳಿ ಆಡುವಂತೆ ಮಾಡಿದ ಮೇಲೆ ಸಾವಿನ ಪ್ರಮಾಣ ವೇಗವಾಗಿ ಇಳಿಯಿತು. ಈ ಅಂಕಿಗಳನ್ನು ಜೋಡಿಸಿ, ಚಿತ್ರಗಳಲ್ಲಿ ತೋರಿಸಿ, ಆಡಳಿತಗಾರರ ಮುಂದಿಟ್ಟದ್ದು ನೈಟಿಂಗೇಲ್ ಅವರ ದೊಡ್ಡ ಕಾಣಿಕೆ. ದೀಪ ಹಿಡಿದ ಮಹಿಳೆಯ ಚಿತ್ರ ಎಲ್ಲರಿಗೂ ಗೊತ್ತು. ಆಕೆ ನುರಿತ ಸಂಖ್ಯಾಶಾಸ್ತ್ರಜ್ಞೆ ಎಂಬುದು ಕಡಿಮೆ ಜನಕ್ಕೆ ಗೊತ್ತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ತೆರೆಯಿತು. ಭಾರತಕ್ಕೆ ಅವರು ಎಂದೂ ಬರಲಿಲ್ಲ. ಆದರೆ ಇಲ್ಲಿನ ಸೇನಾ ನೆಲೆಗಳ ನೈರ್ಮಲ್ಯ ಕುರಿತು 1859ರಲ್ಲಿ ನೇಮಕವಾದ ರಾಯಲ್ ಆಯೋಗಕ್ಕಾಗಿ ಇಲ್ಲಿಂದ ತರಿಸಿದ ವರದಿಗಳನ್ನು ಆಳವಾಗಿ ಪರಿಶೀಲಿಸಿ ಬರೆದರು. ಅವರ ಜನ್ಮದಿನವನ್ನು ಅಂತರರಾಷ್ಟ್ರೀಯ ಶುಶ್ರೂಷಕಿಯರ ದಿನವಾಗಿ ಆಚರಿಸಲಾಗುತ್ತದೆ.

ಭಾರತ ಮತ್ತು ಕರ್ನಾಟಕದಲ್ಲಿ ಬೆಳವಣಿಗೆ

1888ರಲ್ಲಿ ಬ್ರಿಟಿಷ್ ಸೇನೆಯ ಆಸ್ಪತ್ರೆಗಳಿಗಾಗಿ ಹತ್ತು ಮಂದಿ ನರ್ಸ್‌ಗಳು ಮುಂಬಯಿಗೆ ಬಂದಿಳಿದರು. ಇಂದಿನ ಮಿಲಿಟರಿ ನರ್ಸಿಂಗ್ ಸೇವೆಯ ಬೇರು ಅಲ್ಲಿದೆ. 1908ರಲ್ಲಿ ತರಬೇತಿ ಪಡೆದ ಶುಶ್ರೂಷಕರ ಭಾರತೀಯ ಸಂಘ ಸ್ಥಾಪನೆಯಾಯಿತು. 1909ರಲ್ಲಿ ವೆಲ್ಲೂರಿನಲ್ಲಿ ಮಿಷನರಿ ವೈದ್ಯೆ ಐಡಾ ಸ್ಕಡರ್ ನರ್ಸಿಂಗ್ ಶಾಲೆ ಆರಂಭಿಸಿದರು. 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಶುರುವಾಯಿತು. ದೇಶದ ಆರೋಗ್ಯ ಸೇವೆಗಳ ಕುರಿತು ಅದೇ ವರ್ಷ ವರದಿ ಕೊಟ್ಟ ಭೋರ್ ಸಮಿತಿ ನರ್ಸ್‌ಗಳ ತೀವ್ರ ಕೊರತೆಯನ್ನು ಎತ್ತಿ ತೋರಿಸಿತು. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆ ದೇಶಾದ್ಯಂತ ಒಂದೇ ಮಟ್ಟದ ಶಿಕ್ಷಣಕ್ಕೆ ತಳಹದಿಯಾಯಿತು.

ಕನ್ನಡ ನಾಡಿನಲ್ಲಿ ಈ ವೃತ್ತಿ ಬೆಳೆದದ್ದು ಎರಡು ದಾರಿಗಳಲ್ಲಿ. ಒಂದು ಸರ್ಕಾರಿ ಆಸ್ಪತ್ರೆಗಳದ್ದು: ಮಂಗಳೂರಿನ ವೆನ್ಲಾಕ್, ಬೆಂಗಳೂರಿನ ಬೌರಿಂಗ್, 1900ರಲ್ಲಿ ತೆರೆದ ವಿಕ್ಟೋರಿಯಾ, 1935ರ ವಾಣಿವಿಲಾಸ, ಮೈಸೂರಿನ ಕೆ.ಆರ್. ಆಸ್ಪತ್ರೆ. ಇನ್ನೊಂದು ಮಿಷನ್ ಆಸ್ಪತ್ರೆಗಳದ್ದು: ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಸಂಸ್ಥೆ, 1886ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೇಂಟ್ ಮಾರ್ಥಾಸ್, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಮೇಲ್ಜಾತಿಯ ಕುಟುಂಬಗಳು ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳಿಸಲು ಹಿಂಜರಿದ ಕಾಲದಲ್ಲಿ ಕ್ರೈಸ್ತ ಹೆಣ್ಣುಮಕ್ಕಳೇ ಹೆಚ್ಚಾಗಿ ಮುಂದೆ ಬಂದರು. ಪರರ ಮೈ, ಮಲಮೂತ್ರ, ರಕ್ತವನ್ನು ಮುಟ್ಟಬೇಕಾದ ಕೆಲಸ ಎಂಬ ಮಡಿಮೈಲಿಗೆಯ ಭಾವನೆ ಈ ಹಿಂಜರಿಕೆಗೆ ಕಾರಣವಾಗಿತ್ತು.

1950ರ ದಶಕದಲ್ಲಿ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮನೋರೋಗ ಶುಶ್ರೂಷೆಯಲ್ಲಿ ವಿಶೇಷ ತರಬೇತಿ ಆರಂಭಿಸಿತು. 1974ರಲ್ಲಿ ಅದು ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. 1961ರ ರಾಜ್ಯ ಕಾಯ್ದೆ ನರ್ಸ್‌ಗಳು, ಮಿಡ್‌ವೈಫ್‌ಗಳು ಮತ್ತು ಆರೋಗ್ಯ ಸಂದರ್ಶಕಿಯರ ನೋಂದಣಿಗೆ ವ್ಯವಸ್ಥೆ ಮಾಡಿತು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಗೆ ನರ್ಸಿಂಗ್ ಕಾಲೇಜುಗಳು ಬಂದ ಬಳಿಕ ಖಾಸಗಿ ಕಾಲೇಜುಗಳ ಸಂಖ್ಯೆ ಬಹಳ ಏರಿತು. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಇಂದು ಕರ್ನಾಟಕವೂ ಒಂದು. ಕೇರಳ ಮತ್ತು ಈಶಾನ್ಯ ರಾಜ್ಯಗಳಿಂದ ಸಾವಿರಾರು ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ.

ಶಾಲೆ ಕಾಲೇಜುಗಳ ಹೊರಗೆ ಹೆರಿಗೆಯ ಕೆಲಸವನ್ನು ಸೂಲಗಿತ್ತಿಯರು ತಲೆತಲಾಂತರದಿಂದ ನಡೆಸಿದ್ದಾರೆ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಕೆಲಸದ ಸ್ವರೂಪ

ವೈದ್ಯರು ವಾರ್ಡಿನಲ್ಲಿ ದಿನಕ್ಕೆ ಒಂದೆರಡು ಬಾರಿ ಸುತ್ತು ಬರುತ್ತಾರೆ. ಇಪ್ಪತ್ನಾಲ್ಕು ಗಂಟೆಯೂ ಅಲ್ಲಿರುವವರು ನರ್ಸ್‌ಗಳು. ರೋಗಿಯ ಸ್ಥಿತಿ ಬಿಗಡಾಯಿಸಿದರೆ ಅದು ಮೊದಲು ಕಾಣಬೇಕಾದದ್ದು ಅವರ ಕಣ್ಣಿಗೆ. ವೃತ್ತಿಯ ಕ್ರಮವನ್ನು ಶುಶ್ರೂಷಾ ಪ್ರಕ್ರಿಯೆ ಎನ್ನುತ್ತಾರೆ. ರೋಗಿಯ ಸ್ಥಿತಿಯ ಅಂದಾಜು, ಆರೈಕೆಯ ದೃಷ್ಟಿಯಿಂದ ಸಮಸ್ಯೆಯ ನಿರ್ಣಯ, ಯೋಜನೆ, ಅದರ ಅನುಷ್ಠಾನ, ಫಲದ ಮೌಲ್ಯಮಾಪನ ಎಂದು ಅದಕ್ಕೆ ಐದು ಹಂತ. ಔಷಧ ಕೊಡುವಾಗ ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಹೊತ್ತು ಎಂಬ ಐದನ್ನು ಪ್ರತಿಸಲವೂ ತಾಳೆ ನೋಡಬೇಕು.

ಪಾಳಿ ಬದಲಾಗುವ ಹೊತ್ತು ಈ ಕೆಲಸದ ನಡುಗಂಬ. ಅನೇಕ ಆಸ್ಪತ್ರೆಗಳಲ್ಲಿ ಬೆಳಗಿನ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗಿನ 8 ಎಂದು ಮೂರು ಪಾಳಿ. ರಾತ್ರಿ ಎಂಟಕ್ಕೆ ಹೋಗುವವರೂ ಬಂದವರೂ ಜೊತೆಯಾಗಿ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಾರೆ. ಬಾಟಲಿಯಲ್ಲಿ ಎಷ್ಟು ದ್ರವ ಉಳಿದಿದೆ, ಮೂತ್ರದ ಚೀಲದಲ್ಲಿ ಎಷ್ಟು ಸೇರಿದೆ, ಸಂಜೆಯ ಸಕ್ಕರೆ ಪ್ರಮಾಣ ಎಷ್ಟಿತ್ತು, ಇನ್ಸುಲಿನ್ ಕೊಟ್ಟಾಯಿತೇ, ಬ್ಯಾಂಡೇಜಿನ ಮೇಲೆ ರಕ್ತದ ಕಲೆ ಹರಡಿದೆಯೇ ಎಂಬುದನ್ನು ಬಾಯಲ್ಲಿ ಹೇಳಿ, ಕಣ್ಣಾರೆ ತೋರಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿ ಒಪ್ಪಿಸಬೇಕು. ಇಲ್ಲಿ ಒಂದು ಮಾತು ತಪ್ಪಿದರೆ ಒಂದೇ ಇಂಜೆಕ್ಷನ್ ಎರಡು ಸಲ ಬೀಳಬಹುದು, ಅಥವಾ ಬೀಳದೇ ಹೋಗಬಹುದು.

ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಕೆಲಸಗಳಲ್ಲೇ ಶುಶ್ರೂಷೆಯ ಗುಣಮಟ್ಟ ತಿಳಿಯುತ್ತದೆ. ಮಲಗಿದ್ದಲ್ಲೇ ಇರುವ ರೋಗಿಗೆ ಬರುವ ಒತ್ತಡದ ಹುಣ್ಣು ಇದಕ್ಕೆ ಉದಾಹರಣೆ. ಟೊಂಕದ ಹಿಂಬದಿ, ಹಿಮ್ಮಡಿ, ಭುಜದ ಮೂಳೆ ಹೀಗೆ ಎಲುಬು ಹಾಸಿಗೆಗೆ ಒತ್ತುವ ಕಡೆ ಚರ್ಮ ಮೊದಲು ಕೆಂಪಾಗುತ್ತದೆ. ಅದನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣಿನ ಮೊದಲ ಹಂತ ಆರಂಭವಾಗಿದೆ ಎಂದರ್ಥ. ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮವನ್ನು ಒಣಗಿಸಿ, ಹಾಸಿಗೆಯ ಸುಕ್ಕು ಬಿಡಿಸಿ, ಹೊಟ್ಟೆಗೆ ಸಾಕಷ್ಟು ಪ್ರೋಟೀನ್ ಸೇರುವಂತೆ ನೋಡಿಕೊಂಡರೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರಾದ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಹಾಸಿಗೆಯಲ್ಲೇ ಉಳಿದರು. ಸುಮಾರು 42 ವರ್ಷ ಅವರನ್ನು ಸರದಿಯಲ್ಲಿ ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸ್‌ಗಳು. ಅರುಣಾ ಅವರನ್ನು ಸಹೋದ್ಯೋಗಿಯಾಗಿ ಕಂಡಿರದ, ಆಮೇಲೆ ಕೆಲಸಕ್ಕೆ ಸೇರಿದ ತಲೆಮಾರುಗಳೂ ಇವರಲ್ಲಿ ಸೇರಿವೆ. ಅರುಣಾ ಅವರಿಗೆ ದಯಾಮರಣ ಕೋರಿದ ಅರ್ಜಿಯ ಕುರಿತ 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಈ ಆರೈಕೆಗೆ ನ್ಯಾಯಾಲಯ ವಿಶೇಷ ಮೆಚ್ಚುಗೆ ಸೂಚಿಸಿದೆ. ಶುಶ್ರೂಷೆ ಎಂದರೇನು ಎಂದು ತೋರಿಸಲು ಭಾರತದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯವಿಲ್ಲ.

ಆಸ್ಪತ್ರೆಯ ಹೊರಗಿನ ಶುಶ್ರೂಷೆ ಇನ್ನೊಂದು ಬಗೆಯದು. ಬಯಲು ಸೀಮೆಯಲ್ಲಿ 5,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 3,000 ಜನಸಂಖ್ಯೆಗೆ ಒಂದು ಉಪಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಅಲ್ಲಿನ ಎಎನ್‌ಎಂ, ಅಂದರೆ ಸಹಾಯಕ ಶುಶ್ರೂಷಕಿಯನ್ನು, ಕರ್ನಾಟಕದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎನ್ನುತ್ತಾರೆ. ಗರ್ಭಿಣಿಯರ ತಪಾಸಣೆ, ತಾಯಿ ಕಾರ್ಡ್ ಬರೆಯುವುದು, ಲಸಿಕೆ, ಕುಟುಂಬ ಯೋಜನೆ, ಜ್ವರ ಸಮೀಕ್ಷೆ ಎಲ್ಲವೂ ಅವರ ಪಾಲಿನ ಕೆಲಸ. ಲಸಿಕೆಯ ದಿನ ಬೆಳಿಗ್ಗೆ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕ್‌ಗಳನ್ನು ಕೂಡಲೇ ಲಸಿಕೆ ಒಯ್ಯುವ ಡಬ್ಬಿಗೆ ಹಾಕುವಂತಿಲ್ಲ. ಕಿವಿಯ ಬಳಿ ಹಿಡಿದು ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವಷ್ಟು ಕರಗುವವರೆಗೆ ಹೊರಗಿಡಬೇಕು. ಇಲ್ಲದಿದ್ದರೆ ಪೆಂಟಾವೇಲೆಂಟ್‌ನಂಥ ಲಸಿಕೆಗಳು ಹೆಪ್ಪುಗಟ್ಟಿ ಕೆಲಸಕ್ಕೆ ಬಾರದಂತಾಗುತ್ತವೆ. ಬಿಸಿಜಿ ಮತ್ತು ದಡಾರ ಲಸಿಕೆಯನ್ನು ದ್ರಾವಕದಲ್ಲಿ ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು.

ಕೋರ್ಸುಗಳು

ಎಎನ್‌ಎಂ: ಸಹಾಯಕ ಶುಶ್ರೂಷಕಿ ಮತ್ತು ಪ್ರಸೂತಿ ತರಬೇತಿ. ಅವಧಿ ಎರಡು ವರ್ಷ. ಪಿಯುಸಿ ಮುಗಿಸಿದ ಹೆಣ್ಣುಮಕ್ಕಳಿಗೆ. ಕಲೆ ಅಥವಾ ವಿಜ್ಞಾನ ಯಾವುದೂ ಆದೀತು. ಮುಖ್ಯವಾಗಿ ಸಮುದಾಯ ಆರೋಗ್ಯದ ಕೆಲಸಕ್ಕೆ ಸಿದ್ಧಗೊಳಿಸುತ್ತದೆ.

ಜಿಎನ್‌ಎಂ: ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಡಿಪ್ಲೊಮಾ. ಅವಧಿ ಮೂರು ವರ್ಷ. ಇಂಗ್ಲಿಷ್ ಓದಿ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರಿಬ್ಬರಿಗೂ ಅವಕಾಶವಿದೆ. ವಿಜ್ಞಾನವೇ ಆಗಬೇಕೆಂಬ ಕಟ್ಟುಪಾಡಿಲ್ಲ. ಕರ್ನಾಟಕದಲ್ಲಿ ಪರೀಕ್ಷೆ ನಡೆಸುವುದು ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ.

ಬಿ.ಎಸ್ಸಿ. ನರ್ಸಿಂಗ್: ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮತ್ತು ಇಂಗ್ಲಿಷ್‌ನೊಂದಿಗೆ ಪಿಯುಸಿ ಆಗಿರಬೇಕು. ಸಾಮಾನ್ಯ ವರ್ಗಕ್ಕೆ ವಿಜ್ಞಾನ ವಿಷಯಗಳಲ್ಲಿ ಕನಿಷ್ಠ ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 40 ಅಂಕ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಈಗ ಜಾರಿಯಲ್ಲಿರುವ ಸೆಮಿಸ್ಟರ್ ಪಠ್ಯಕ್ರಮ 2021ರದ್ದು. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಜೀವರಸಾಯನ, ಪೋಷಣೆ ಮತ್ತು ಶುಶ್ರೂಷೆಯ ಮೂಲಪಾಠಗಳು. ಮುಂದೆ ವಯಸ್ಕರ ಆರೋಗ್ಯ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಪ್ರಸೂತಿ, ಸಂಶೋಧನೆ. ಎಂಟನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್.

ಜಿಎನ್‌ಎಂ ಮುಗಿಸಿದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಎಂ.ಎಸ್ಸಿ. ಎರಡು ವರ್ಷ. ತೀವ್ರ ನಿಗಾ ಘಟಕಕ್ಕೆಂದೇ ನರ್ಸ್ ಪ್ರಾಕ್ಟಿಷನರ್ ಎಂಬ ಸ್ನಾತಕೋತ್ತರ ಕೋರ್ಸು ಬಂದಿದೆ. ಮಿಲಿಟರಿ ನರ್ಸಿಂಗ್ ಸೇವೆಯ ಬಿ.ಎಸ್ಸಿ. ಕೋರ್ಸು ದೇಶದ ಆರು ಕಡೆ ನಡೆಯುತ್ತದೆ. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ ಅವುಗಳಲ್ಲೊಂದು. ಅವಿವಾಹಿತ ಯುವತಿಯರಿಗೆ ನೀಟ್ ಅಂಕದ ಆಧಾರದ ಮೇಲೆ ಆಯ್ಕೆ.

ಪ್ರವೇಶ ಮತ್ತು ಸಿದ್ಧತೆ

ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಹಂಚುತ್ತದೆ. ಉಳಿದವು ಆಡಳಿತ ಮಂಡಳಿಯ ಸೀಟುಗಳು. ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಕ್ರಮದಲ್ಲಿ ಪ್ರವೇಶ ನೀಡುತ್ತವೆ.

ಕಾಲೇಜು ಆಯ್ದುಕೊಳ್ಳುವಾಗ ಕಟ್ಟಡಕ್ಕಿಂತ ಮೊದಲು ನೋಡಬೇಕಾದದ್ದು ಆಸ್ಪತ್ರೆಯನ್ನು. ಹೊಸ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಕಲಿಕೆಗೆ ಸಿಗಬೇಕು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ಹಾಸಿಗೆಗಳು ಕಾಗದದ ಮೇಲಿದ್ದು ವಾರ್ಡು ಖಾಲಿಯಿದ್ದರೆ ವಿದ್ಯಾರ್ಥಿ ನಾಲ್ಕು ವರ್ಷ ಗೊಂಬೆಯ ಮೇಲೆ ಅಭ್ಯಾಸ ಮಾಡಿ ಹೊರಬರುತ್ತಾನೆ. ಹೊರರೋಗಿ ವಿಭಾಗಕ್ಕೆ ವಾರದ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗಿ ನಿಂತರೆ ನಿಜಸ್ಥಿತಿ ಗೊತ್ತಾಗುತ್ತದೆ. ವಿಶ್ವವಿದ್ಯಾಲಯದ ಸಂಯೋಜನೆ, ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಮತ್ತು ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿ ಈ ಮೂರರಲ್ಲೂ ಕಾಲೇಜಿನ ಹೆಸರಿದೆಯೇ ಎಂದು ಆಯಾ ವರ್ಷಕ್ಕೆ ನೋಡಿಕೊಳ್ಳಬೇಕು. ದಲ್ಲಾಳಿಗಳ ಮೂಲಕ ಸೇರಿ, ಮೂಲ ಅಂಕಪಟ್ಟಿಗಳನ್ನು ಕಾಲೇಜಿನ ವಶಕ್ಕೆ ಕೊಟ್ಟು, ನಡುವೆ ಬಿಡಬೇಕಾದಾಗ ಪೂರ್ತಿ ಶುಲ್ಕ ಕಟ್ಟಬೇಕಾಗಿ ಬಂದವರ ದೂರುಗಳು ವಿರಳವಲ್ಲ.

ವಿಷಯ ಜ್ಞಾನದಷ್ಟೇ ಬೇಕಾದದ್ದು ಲೆಕ್ಕದ ಹಿಡಿತ. 500 ಮಿಲಿಲೀಟರ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು ಎಂದು ವೈದ್ಯರು ಬರೆಯುತ್ತಾರೆ. ಮಿಲಿಲೀಟರಿಗೆ 20 ಹನಿ ಬೀಳುವ ಡ್ರಿಪ್ ಸೆಟ್ ಇದ್ದರೆ ಒಟ್ಟು 10,000 ಹನಿ. 240 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಸುಮಾರು 42. ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಹನಿ ಎಣಿಸಿ ಕೊಳವೆಯ ಗಾಲಿ ತಿರುಗಿಸಿ ಹೊಂದಿಸಬೇಕು. ಮಕ್ಕಳಿಗೆ ಬಳಸುವ ಸಣ್ಣ ಹನಿಯ ಸೆಟ್‌ನಲ್ಲಿ ಮಿಲಿಲೀಟರಿಗೆ 60 ಹನಿ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ ಪ್ರಮಾಣ ಮೂರು ಪಟ್ಟು ತಪ್ಪುತ್ತದೆ.

ಭಾಷೆಯೂ ಸಿದ್ಧತೆಯ ಭಾಗ. ಪಾಠ ಇಂಗ್ಲಿಷಿನಲ್ಲಿ, ರೋಗಿ ಮಾತಾಡುವುದು ತನ್ನ ಊರಿನ ಕನ್ನಡದಲ್ಲಿ. ಒಬ್ಬರು ‘ಎದೆ ಉರಿ’ ಎಂದರೆ, ಇನ್ನೊಬ್ಬರು ‘ಸಂಕಟ ಆಗ್ತಿದೆ’ ಎನ್ನುತ್ತಾರೆ, ಕಲಬುರಗಿಯ ಕಡೆಯವರು ‘ಎದಿ ಡವಡವ ಅಂತದ’ ಎನ್ನುತ್ತಾರೆ. ಮೂರೂ ಬೇರೆ ಬೇರೆ ಲಕ್ಷಣಗಳಾಗಿರಬಹುದು. ಯಾವುದನ್ನೂ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವ ಮುನ್ನ ನಾಡಿ ಹಿಡಿದು ನೋಡಬೇಕು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೆ ಮೊದಲ ವರ್ಷದ ಅಂಗರಚನೆಯ ಇಂಗ್ಲಿಷ್ ಕಷ್ಟವಾಗುತ್ತದೆ, ಆದರೆ ವಾರ್ಡಿನಲ್ಲಿ ಅವರಿಗಿರುವ ಅನುಕೂಲ ದೊಡ್ಡದು.

ಸೇರುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು ಆರಂಭಿಸುವುದು ಒಳ್ಳೆಯದು. ಇವು 0, 1 ಮತ್ತು 6ನೆಯ ತಿಂಗಳಲ್ಲಿ. ಕೆಲಸದಲ್ಲಿ ಸೂಜಿ ಚುಚ್ಚಿಕೊಂಡರೆ ಕೂಡಲೇ ಸೋಪು ನೀರಿನಲ್ಲಿ ತೊಳೆದು ವರದಿ ಮಾಡಬೇಕು. ಎಚ್‌ಐವಿ ತಡೆಯುವ ಔಷಧ ಬೇಕಾದಲ್ಲಿ ಅದನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು. ರಾತ್ರಿ ಪಾಳಿ, ಗಂಟೆಗಟ್ಟಲೆ ನಿಲ್ಲುವುದು, ರೋಗಿಯನ್ನು ಎತ್ತುವುದು ದೇಹವನ್ನು ದಣಿಸುತ್ತವೆ. ನರ್ಸ್‌ಗಳಲ್ಲಿ ಸೊಂಟನೋವು ಸಾಮಾನ್ಯ.

ನೋಂದಣಿ

ಪ್ರಮಾಣಪತ್ರ ಕೈಗೆ ಬಂದಾಕ್ಷಣ ನರ್ಸ್ ಆಗುವುದಿಲ್ಲ. ರಾಜ್ಯದ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಮೇಲೆ ಮಾತ್ರ ಕೆಲಸ ಮಾಡಬಹುದು. ಜಿಎನ್‌ಎಂ ಮತ್ತು ಬಿ.ಎಸ್ಸಿ. ಮುಗಿಸಿದವರಿಗೆ ನರ್ಸ್ ಮತ್ತು ಮಿಡ್‌ವೈಫ್ ಎಂಬ ಎರಡೂ ನೋಂದಣಿ ಸಿಗುತ್ತದೆ. ಬೇರೆ ರಾಜ್ಯಕ್ಕೆ ಹೋದರೆ ನೋಂದಣಿಯನ್ನು ವರ್ಗಾಯಿಸಿಕೊಳ್ಳಬೇಕು. 2023ರ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆ 1947ರ ಕಾಯ್ದೆಯ ಜಾಗಕ್ಕೆ ಹೊಸ ರಾಷ್ಟ್ರೀಯ ಆಯೋಗ ಮತ್ತು ರಾಜ್ಯ ಆಯೋಗಗಳನ್ನು ತರುತ್ತದೆ.

ಉದ್ಯೋಗ

ಸರ್ಕಾರಿ ಸೇವೆಯಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು, ವೈದ್ಯಕೀಯ ಕಾಲೇಜುಗಳು, ಜಯದೇವ, ಕಿದ್ವಾಯಿಗಳಂಥ ಸ್ವಾಯತ್ತ ಸಂಸ್ಥೆಗಳು, ರೈಲ್ವೆ, ಇಎಸ್‌ಐ ಇವೆ. ಕಾಯಂ ಹುದ್ದೆಗಳ ಜೊತೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆ ಹುದ್ದೆಗಳು ಅಪಾರ. ಗುತ್ತಿಗೆ ನೌಕರರ ಬೇಡಿಕೆಗಳಲ್ಲಿ ಕಾಯಮಾತಿ ಮತ್ತು ಸಮಾನ ವೇತನ ಮುಖ್ಯವಾದವು. ಏಮ್ಸ್ ಸಂಸ್ಥೆಗಳಿಗೆ ನಾರ್ಸೆಟ್ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತದೆ, ಅಲ್ಲಿ ಶೇ. 80 ಹುದ್ದೆಗಳು ಮಹಿಳೆಯರಿಗೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಕಾರ್ಯಕ್ರಮದಡಿ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆ ಬಂತು. ರಕ್ತದೊತ್ತಡ, ಮಧುಮೇಹ ಪತ್ತೆ ಮಾಡಿ ಔಷಧ ಮುಂದುವರಿಸುವ ಹೊಣೆ ಈ ಹುದ್ದೆಯಲ್ಲಿರುವ ನರ್ಸ್‌ಗಳದ್ದು.

ಖಾಸಗಿ ಆಸ್ಪತ್ರೆಗಳ ವೇತನ ಬಹುಕಾಲದ ಪ್ರಶ್ನೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ಸೂಚನೆಯಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ವೇತನಕ್ಕೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಸಣ್ಣ ಊರುಗಳ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ಇದು ಇನ್ನೂ ಜಾರಿಗೆ ಬಂದಿಲ್ಲ.

ವಿದೇಶಕ್ಕೆ ಹೋಗುವವರಿಗೆ ಆಯಾ ದೇಶದ ಪರೀಕ್ಷೆಗಳಿವೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್, ಬ್ರಿಟನ್ನಿಗೆ ಕಂಪ್ಯೂಟರ್ ಪರೀಕ್ಷೆಯ ಬಳಿಕ ಪ್ರಾಯೋಗಿಕ ಪರೀಕ್ಷೆ, ಜರ್ಮನಿಗೆ ಬಿ2 ಮಟ್ಟದ ಜರ್ಮನ್ ಭಾಷೆ, ಕೊಲ್ಲಿ ದೇಶಗಳಿಗೆ ಅಲ್ಲಿನ ಆರೋಗ್ಯ ಇಲಾಖೆಗಳ ಪರೀಕ್ಷೆ. ವಂಚನೆ ತಡೆಯಲು 2015ರಲ್ಲಿ ವಲಸೆ ತಪಾಸಣೆ ಕಡ್ಡಾಯವಿರುವ 18 ದೇಶಗಳಿಗೆ ಸರ್ಕಾರ ಸೂಚಿಸಿದ ಸಂಸ್ಥೆಗಳ ಮೂಲಕ ಮಾತ್ರ ನರ್ಸ್‌ಗಳ ನೇಮಕಾತಿ ಆಗಬೇಕೆಂಬ ನಿಯಮ ಬಂತು.

ಸಮೀಪದ ವೃತ್ತಿಗಳು

ಪ್ರಯೋಗಾಲಯ ತಂತ್ರಜ್ಞ, ಎಕ್ಸ್‌ರೇ ತಂತ್ರಜ್ಞ, ಡಯಾಲಿಸಿಸ್ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞ, ಫಿಸಿಯೋಥೆರಪಿಸ್ಟ್ ಮೊದಲಾದವರು 2021ರ ರಾಷ್ಟ್ರೀಯ ಆರೋಗ್ಯ ಸಹವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಶುಶ್ರೂಷೆ ಇದರ ವ್ಯಾಪ್ತಿಯಲ್ಲಿಲ್ಲ. 2005ರಲ್ಲಿ ಆರಂಭವಾದ ಆಶಾ ಕಾರ್ಯಕರ್ತೆಯರದು ಗೌರವಧನದ ಸಮುದಾಯ ಸೇವೆ. ಅದು ನೋಂದಾಯಿತ ವೃತ್ತಿಯಲ್ಲ.

ಇಂದಿನ ಸ್ಥಿತಿ

ದೇಶದಲ್ಲಿ ನೋಂದಾಯಿತ ಶುಶ್ರೂಷಾ ಸಿಬ್ಬಂದಿಯ ಸಂಖ್ಯೆ 2022ರ ವೇಳೆಗೇ 33 ಲಕ್ಷ ದಾಟಿತ್ತು. ಆದರೆ ಅವರಲ್ಲಿ ಹೊರದೇಶಕ್ಕೆ ಹೋದವರು, ಮದುವೆಯ ಬಳಿಕ ಕೆಲಸ ಬಿಟ್ಟವರು, ನಿವೃತ್ತರೂ ಸೇರಿದ್ದಾರೆ. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು, ಇತರ ಆಸ್ಪತ್ರೆಯಾದರೆ ಐವರು ರೋಗಿಗಳಿಗೆ ಒಬ್ಬ ನರ್ಸ್, ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೊಬ್ಬರು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ರಾತ್ರಿ ಪಾಳಿಯಲ್ಲಿ ಮೂವತ್ತು, ನಲವತ್ತು ಹಾಸಿಗೆಗಳನ್ನು ಇಬ್ಬರೇ ನೋಡಿಕೊಳ್ಳುವ ವಾರ್ಡುಗಳು ನಾಡಿನ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಪಾಠ ಅಂಥ ರಾತ್ರಿಯಲ್ಲಿ ಪಾಠವಾಗಿಯೇ ಉಳಿಯುತ್ತದೆ. 2014ರ ಬಳಿಕ ಸ್ಥಾಪನೆಯಾದ ವೈದ್ಯಕೀಯ ಕಾಲೇಜುಗಳ ಜೊತೆಗೆ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳನ್ನು ತೆರೆಯುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿತು.

ಸುರಕ್ಷತೆಗಾಗಿ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ಮತ್ತು ಆಸ್ಪತ್ರೆಯ ಆಸ್ತಿಗೆ ಹಾನಿ ಅದರಡಿ ಶಿಕ್ಷಾರ್ಹ. ಮದುವೆಯಾದ ಕಾರಣಕ್ಕೆ ಮಿಲಿಟರಿ ನರ್ಸಿಂಗ್ ಸೇವೆಯ ಅಧಿಕಾರಿಯೊಬ್ಬರನ್ನು ಕೆಲಸದಿಂದ ಬಿಡುಗಡೆ ಮಾಡಿದ್ದು ಲಿಂಗ ತಾರತಮ್ಯ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಹೇಳಿತು.

ಪ್ರಸೂತಿ ಶುಶ್ರೂಷೆಯನ್ನು ಪ್ರತ್ಯೇಕ ವೃತ್ತಿಯಾಗಿ ಬೆಳೆಸುವ ಪ್ರಯತ್ನ 2018ರ ರಾಷ್ಟ್ರೀಯ ಮಾರ್ಗಸೂಚಿಯಿಂದ ಆರಂಭವಾಗಿದೆ. ಇದರಂತೆ ಅನುಭವಿ ನರ್ಸ್‌ಗಳು 18 ತಿಂಗಳ ತರಬೇತಿ ಪಡೆದು, ತೊಡಕಿಲ್ಲದ ಹೆರಿಗೆಗಳನ್ನು ತಮ್ಮದೇ ಹೊಣೆಯಲ್ಲಿ ನಡೆಸುತ್ತಾರೆ. ತೊಡಕು ಕಂಡರೆ ವೈದ್ಯರಿಗೆ ಒಪ್ಪಿಸುತ್ತಾರೆ. ಹೆರಿಗೆ ನೋವಿನ ಹೊತ್ತಿನಲ್ಲಿ ತಾಯಿಯನ್ನು ಅಂಗಾತ ಮಲಗಿಸಿಯೇ ಇಡದೆ ಓಡಾಡಲು, ಕುಳಿತುಕೊಳ್ಳಲು, ಮಗ್ಗುಲಾಗಲು ಬಿಡುವುದು, ಮನೆಯವರೊಬ್ಬರು ಜೊತೆಗಿರುವುದು, ಕಾರಣವಿಲ್ಲದೆ ಹೊಲಿಗೆ ಹಾಕುವಂಥ ಕೊಯ್ತ ಮಾಡದಿರುವುದು ಈ ತರಬೇತಿಯ ಭಾಗ.